ಬೇಸಿಗೆ ರಜೆಯಲ್ಲಿ ಮಗಳು ಓದಿದ್ದೆಲ್ಲ ಮರೆಯದಂತೆ ಟ್ಯೂಷನ್‌ಗೆ ಹಾಕಲಾ, ಆನ್‌ಲೈನ್ ಕೋರ್ಸ್ ಕೊಡಿಸಲಾ?

ನಾಲ್ಕನೇ ಕ್ಲಾಸ್ ಮುಗಿಸಿದ ಮಗು, ಒಂದೂವರೆ ತಿಂಗಳ ರಜೆ, ಶಾಲೆ ಶುರುವಾದಾಗ ಏನು ಗತಿಯೋ ಅನ್ನೋ ಭಯ. ಇದೆಲ್ಲ ನಮ್ಮ ಮನೆಯಲ್ಲೂ ಆಗಿದ್ದೇ. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಗ ಸರ್ಕಾರಿ ಶಾಲೆಯಲ್ಲಿ ಆಗಷ್ಟೇ ನಾಲ್ಕನೇ ಕ್ಲಾಸ್ ಪಾಸಾಗಿದ್ದ.

ರಿಸಲ್ಟ್ ಬಂದ ಮಾರನೇ ದಿನವೇ ಅವನ ಹಳೇ ಪುಸ್ತಕಗಳನ್ನೆಲ್ಲ ತಮ್ಮನ ಮಗಳಿಗೆ ಕೊಟ್ಟೆ. ಪಕ್ಕದ ಮನೆ ಹುಡುಗನ ಐದನೇ ಕ್ಲಾಸ್ ಪುಸ್ತಕ ತಂದು ಕೂರಿಸಿದೆ. "ಈಗಲೇ ಶುರು ಮಾಡಿದ್ರೆ ಜೂನ್‌ಗೆ ಎಲ್ಲರಿಗಿಂತ ಮುಂದಿರ್ತೀಯ" ಅಂದೆ.

ನಮಗೆ ಹೊಡೆತ ಬಿದ್ದಿದ್ದು ಇದರಿಂದಲೇ. ಅದಕ್ಕೇ ಬಿಡಿಸಿ ಹೇಳ್ತೀನಿ. ಅವನು ಬರೆಯುತ್ತಿದ್ದ. ನೋಟ್‌ಬುಕ್ ತುಂಬುತ್ತಿತ್ತು. ನೋಡಿದವರಿಗೆ ಕಲಿಯುತ್ತಿದ್ದಾನೆ ಅನ್ನಿಸಬೇಕು, ಹಾಗಿತ್ತು. ನಿಜಕ್ಕೂ ನಾನು ಮಾಡಿ ತೋರಿಸಿದ ಭಾಗಾಕಾರದ ಲೆಕ್ಕವನ್ನು ನೋಡ್ಕೊಂಡು ಅದೇ ಥರ ಇಳಿಸುತ್ತಿದ್ದ, ಅಷ್ಟೇ. ಭಾಗಾಕಾರದೊಳಗೆ ಗುಣಾಕಾರ ಬರುತ್ತೆ, ಕಳೆಯೋದು ಬರುತ್ತೆ. ಆ ಎರಡೂ ಇನ್ನೂ ಗಟ್ಟಿಯಾಗಿರಲಿಲ್ಲ. ಎಲ್ಲಿ ಎಡವುತ್ತಿದ್ದಾನೆ ಅಂತ ಹಿಂದೆ ತಿರುಗಿಸಿ ನೋಡೋಣ ಅಂದ್ರೆ ನಾಲ್ಕನೇ ಕ್ಲಾಸ್ ಪುಸ್ತಕವೇ ಮನೆಯಲ್ಲಿಲ್ಲ. ಇನ್ನೊಂದು ವಿಷಯ ಇತ್ತು. ಗಡಿ ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಮಾತು ತೆಲುಗು. ಅವನ ಕನ್ನಡ ಓದು ಶಾಲೆಯಲ್ಲೇ ಆಗಬೇಕಿತ್ತು. ರಜೆಯುದ್ದಕ್ಕೂ ಲೆಕ್ಕದ ಹಿಂದೆ ಬಿದ್ದು ಒಂದು ಕನ್ನಡ ಕಥೆಯನ್ನೂ ಓದಿಸಲಿಲ್ಲ.

ಶಾಲೆ ಶುರುವಾದ ಮೇಲೆ ಸೇತುಬಂಧ ಇರುತ್ತೆ, ಗೊತ್ತಲ್ವಾ? ಹಿಂದಿನ ಕ್ಲಾಸಿನದು ಎಷ್ಟು ನೆನಪಿದೆ ಅಂತ ಮೊದಲು ಪೂರ್ವ ಪರೀಕ್ಷೆ ಮಾಡಿ, ಬಿಟ್ಟುಹೋಗಿದ್ದನ್ನು ಕಲಿಸಿ, ಆಮೇಲೆ ಸಾಫಲ್ಯ ಪರೀಕ್ಷೆ ಮಾಡ್ತಾರೆ. ಅಂದ್ರೆ ಶಾಲೆಯೇ ಶುರು ಮಾಡೋದು ಹಳೇ ಪಾಠದಿಂದ! ಪೂರ್ವ ಪರೀಕ್ಷೆಯಲ್ಲಿ 503ರಲ್ಲಿ 278 ಕಳೆ ಅಂತ ಇತ್ತು. ನಮ್ಮ ಹುಡುಗ 375 ಅಂತ ಬರೆದಿದ್ದ. 3ರಲ್ಲಿ 8 ಹೋಗಲ್ಲ ಅಂತ 8ರಲ್ಲೇ 3 ಕಳೆದಿದ್ದ. 0 ಇದ್ದ ಕಡೆಯೂ ಹಾಗೇ. ಪಕ್ಕದಿಂದ ಸಾಲ ತಗೊಳ್ಳೋದೇ ಮರೆತುಹೋಗಿತ್ತು. ಟೀಚರ್ ಬೈಯಲಿಲ್ಲ. ಆದರೆ ಇಡೀ ರಜೆ ಕೂತು ಬರೆದ ಹುಡುಗ ತಾನೇ "ನಂಗೆ ಲೆಕ್ಕ ಬರಲ್ಲ" ಅಂತ ತೀರ್ಮಾನಿಸಿಬಿಟ್ಟ. ಲೆಕ್ಕ ಬೇಗ ಸರಿಹೋಯ್ತು. ಆ ಮಾತು ಅವನ ಬಾಯಿಂದ ಹೋಗೋಕೆ ಬಹಳ ಕಾಲ ಬೇಕಾಯ್ತು.

ಅದಕ್ಕೇ ಟ್ಯೂಷನ್ನಾ ಆನ್‌ಲೈನಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮರೆವು ಸಹಜ. ರಜೆಯ ಮರೆವಿನ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ನೋಡಿದಾಗ, ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳ್ತಾರೆ, ಕೂಡೋ ಕಳೆಯೋ ಥರದ ಲೆಕ್ಕ ಮತ್ತು ಕಾಗುಣಿತದಲ್ಲಿ ಜಾಸ್ತಿ ಅಂತ ಕಂಡಿತ್ತು. ಕೊರೊನಾ ಕಾಲದ್ದು ಬೇರೆಯೇ ಮಟ್ಟ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ ನೋಡಿದಾಗ, 92% ಮಕ್ಕಳು ಭಾಷೆಯಲ್ಲಿ, 82% ಮಕ್ಕಳು ಗಣಿತದಲ್ಲಿ ಹಿಂದೆ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು. ಬಳಸದೆ ಇಟ್ಟಿದ್ದು ಹೋಗುತ್ತೆ, ಅಷ್ಟೇ. ಹೊಸದನ್ನು ತುರುಕಿದರೆ ಹಳೆಯದು ಉಳಿಯಲ್ಲ. ಹಳೆಯದನ್ನೇ ದಿನಾ ಸ್ವಲ್ಪ ಬಳಸಬೇಕು.

ಮುಂದಿನ ಬೇಸಿಗೆಯಲ್ಲಿ ಹಾಗೇ ಮಾಡಿದೆವು. ಮೇ ತಿಂಗಳಲ್ಲಿ ನಮ್ಮ ಕಡೆ ಮಾವಿನ ಸುಗ್ಗಿ. ತೋತಾಪುರಿ, ಬಾದಾಮಿ, ರಸಪುರಿ ತುಂಬಿದ ಟೆಂಪೋಗಳು ಮಂಡಿಗೆ ಸಾಲುಗಟ್ಟುತ್ತವೆ. ತಾತನ ಜೊತೆ ಕಳಿಸಿ, ಲೆಕ್ಕದ ಪುಸ್ತಕ ಅವನ ಕೈಗೇ ಕೊಟ್ಟೆವು. ಕ್ರೇಟಿನ ಸಮೇತ ತೂಕ 402 ಕೆಜಿ, ಖಾಲಿ ಕ್ರೇಟು 37 ಕೆಜಿ, ಹಣ್ಣು ಎಷ್ಟು? ಮೊದಲ ಸಲ ಸೊನ್ನೆ ಹತ್ತಿರ ಬಂದು ಪೆನ್ಸಿಲ್ ನಿಲ್ಲಿಸಿದ. ತಾತ ಕಾಯ್ತಾ ಕೂತರು. ಸಾಲ ತಗೊಂಡು 365 ಅಂತ ಬರೆದ. ಅದು ತಪ್ಪಾದರೆ ದುಡ್ಡು ಕಮ್ಮಿ ಬರುತ್ತೆ ಅಂತ ಅವನಿಗೇ ಗೊತ್ತಿತ್ತು. ಅಂಥ ಗಮನ ಯಾವ ವರ್ಕ್‌ಬುಕ್ಕೂ ಹುಟ್ಟಿಸಲ್ಲ.

ನಿಮ್ಮ ಮನೆಯಲ್ಲಿ ಮಾವಿಲ್ಲದಿದ್ದರೆ ಹಾಲಿನ ಡೈರಿ ಲೆಕ್ಕ ಇರಬಹುದು, ದಿನಸಿ ಚೀಟಿ ಇರಬಹುದು, ರೇಷ್ಮೆ ಗೂಡಿನ ತೂಕ ಇರಬಹುದು. ದಿನಕ್ಕೆ ಎರಡೋ ಮೂರೋ ಲೆಕ್ಕ ಸಾಕು. ಓದೋದು ಮಾತ್ರ ಗಟ್ಟಿಯಾಗಿ, ಯಾರಾದರೂ ಕೇಳಿಸಿಕೊಳ್ಳುವ ಹಾಗೆ. ಓದೋಕೆ ಬಾರದ ಅಜ್ಜಿಗೆ ಓದಿ ಹೇಳೋದು ಇನ್ನೂ ಒಳ್ಳೇದು, ಅರ್ಥ ಆಗಿದ್ದರೆ ಮಾತ್ರ ಹೇಳೋಕೆ ಬರುತ್ತೆ. ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ಲ, ಮಕ್ಕಳಿಗೆ ಸದಸ್ಯತ್ವ ಉಚಿತ. ಉಳಿದ ಹೊತ್ತು ಆಡಲಿ ಬಿಡಿ.

ಹಳೇ ಪುಸ್ತಕ ಯಾರಿಗೂ ಕೊಡಬೇಡಿ, ಸೇತುಬಂಧ ಮುಗಿಯೋವರೆಗಾದರೂ ಮನೆಯಲ್ಲಿರಲಿ. ರಜೆಯಲ್ಲಿ ಯಾವ ಥರದ ಲೆಕ್ಕಕ್ಕೆ ಮಗಳು ತಡವರಿಸಿದಳು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟು, ಶಾಲೆ ಶುರುವಾದ ಮೊದಲ ವಾರವೇ ಟೀಚರ್ ಕೈಗೆ ಕೊಡಿ.