ಮನೆಯಲ್ಲೇ ಇಂಗ್ಲಿಷ್ ಓದು ಕಲಿಸಲು ಯಾವ ಫೋನಿಕ್ಸ್ ಪಾಠಕ್ರಮ ಒಳ್ಳೆಯದು?

ನಿಮ್ಮ ಮಗಳಿಗೆ ಐದೂವರೆ ವರ್ಷ, ಇಂಗ್ಲಿಷ್ ಮಾಧ್ಯಮದ ಯುಕೆಜಿಯಲ್ಲಿದ್ದಾಳೆ, ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತೀರಿ ಎಂದು ಬರೆದಿದ್ದೀರಿ. ಫೋನಿಕ್ಸ್, ಅಂದರೆ ಅಕ್ಷರಗಳ ಧ್ವನಿಗಳನ್ನು ಕೂಡಿಸಿ ಪದ ಓದುವುದನ್ನು ಕಲಿಸುವ ಬಡಾವಣೆಯ ತರಗತಿಗೆ ಸೇರಿಸುವುದೋ, ಮೊಬೈಲ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವುದೋ, ಜಾಲಿ ಫೋನಿಕ್ಸ್ ಪುಸ್ತಕಗಳನ್ನು ತರಿಸಿಕೊಂಡು ನೀವೇ ಕಲಿಸುವುದೋ ಎಂಬುದು ನಿಮ್ಮ ಪ್ರಶ್ನೆ. ಶಾಲೆಯಲ್ಲಿ ಎ, ಬಿ, ಸಿ ಕ್ರಮದಲ್ಲೇ ಹೇಳಿಕೊಡುತ್ತಿರುವಾಗ ಮನೆಯಲ್ಲಿ ಬೇರೆ ಕ್ರಮ ಹಿಡಿದರೆ ಮಗುವಿಗೆ ಗೊಂದಲವಾದೀತೇ ಎಂದೂ ಕೇಳಿದ್ದೀರಿ. ನಾನು ಶಿಕ್ಷಕಿಯಲ್ಲ, ಹಾಸನದಲ್ಲಿ ಇಬ್ಬರು ಮಕ್ಕಳಿಗೆ ಊಟದ ಮೇಜಿನ ಮೇಲೆ ಓದು ಕಲಿಸಿದ ತಾಯಿ. ಮೊದಲ ಮಗಳ ವಿಷಯದಲ್ಲಿ ದಾರಿ ತಪ್ಪಿ, ಎರಡನೆಯವನ ಹೊತ್ತಿಗೆ ಅದನ್ನು ಸರಿಪಡಿಸಿಕೊಂಡವಳು. ನನ್ನ ಉತ್ತರ, ನೀವೇ ಕಲಿಸಿ ಎಂಬುದೇ. ಆದರೆ ಯಾವ ಪಾಠಕ್ರಮವನ್ನು ಕೊಳ್ಳುವ ಮೊದಲೂ ಅದರ ಹೆಸರನ್ನು ಬಿಟ್ಟು ಮೂರು ವಿಷಯಗಳನ್ನು ನೋಡಬೇಕು: ಅದು ಧ್ವನಿಯನ್ನು ಹೇಗೆ ಉಚ್ಚರಿಸುತ್ತದೆ, ಅಕ್ಷರಗಳನ್ನು ಯಾವ ಕ್ರಮದಲ್ಲಿ ತರುತ್ತದೆ, ಕಲಿತಷ್ಟರಿಂದಲೇ ಓದಬಹುದಾದ ಪುಸ್ತಕಗಳನ್ನು ಕೊಡುತ್ತದೆಯೇ.

ಮಗಳಿಗೆ ಆರು ವರ್ಷವಿದ್ದಾಗ ಮನೆಯ ಹತ್ತಿರದ ಒಂದು ತರಗತಿಗೆ 6,000 ರೂಪಾಯಿ ಕಟ್ಟಿ ಮೂರು ತಿಂಗಳು ಕಳಿಸಿದೆ. ಅವಳು 26 ಹಾಡುಗಳನ್ನು ಅಭಿನಯದೊಂದಿಗೆ ಕಲಿತಳು, ಕೊನೆಯ ದಿನ ಪ್ರಮಾಣಪತ್ರವನ್ನೂ ತಂದಳು. ಆ ಸಂಜೆ ಸ್ಲೇಟಿನ ಮೇಲೆ ಪಿ, ಐ, ಎನ್ ಎಂಬ ಮೂರು ಅಕ್ಷರಗಳನ್ನು ಬರೆದು ಓದಲು ಹೇಳಿದೆ. ‘ಪ, ಇ, ನ’ ಎಂದಳು. ಕೂಡಿಸಿ ಹೇಳು ಎಂದಾಗ ‘ಪಇನ’ ಎಂದು ನನ್ನ ಮುಖ ನೋಡಿದಳು. ಅಂಥದ್ದೊಂದು ಪದವೇ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು, ಆದರೆ ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿಯಿಂದ ಅವಳು ಕಾಗುಣಿತವನ್ನು ಚೆನ್ನಾಗಿ ಕಲಿತಿದ್ದಳು. ಅದು ನೆನಪಾಗಿ, ಇಂಗ್ಲಿಷ್ ಅಕ್ಷರಗಳ ಕೆಳಗೆ ‘ಪ್’, ‘ಇ’, ‘ನ್’ ಎಂದು ಬರೆದೆ. ಒಂದು ಗಳಿಗೆ ತುಟಿಯಲ್ಲೇ ಗುಣುಗುಣಿಸಿ ‘ಪಿ... ಪಿನ್... ಅಮ್ಮಾ, ಪಿನ್ನು!’ ಎಂದು ಕೂಗಿ, ನನ್ನ ಸೆರಗಿನಲ್ಲಿದ್ದ ಪಿನ್ನನ್ನು ಹಿಡಿದು ತೋರಿಸಿದಳು. ಮೂರು ತಿಂಗಳಲ್ಲಿ ಅವಳು ಇಂಗ್ಲಿಷಿನಲ್ಲಿ ತಾನಾಗಿಯೇ ಓದಿದ ಮೊದಲ ಪದ ಅದು.

ಆ ತರಗತಿಯಲ್ಲಿ ಆಗಿದ್ದ ತಪ್ಪು ಚಿಕ್ಕದಾಗಿ ಕಾಣುತ್ತದೆ, ಆದರೆ ಓದು ಅಲ್ಲಿಯೇ ನಿಂತುಬಿಡುತ್ತದೆ. ಕನ್ನಡದ ‘ಪ’ ಒಂದು ಧ್ವನಿಯಲ್ಲ, ‘ಪ್’ ಮತ್ತು ‘ಅ’ ಸೇರಿದ ಎರಡು ಧ್ವನಿ. ಇಂಗ್ಲಿಷಿನ ವ್ಯಂಜನದಲ್ಲಿ ಆ ‘ಅ’ಕಾರ ಇಲ್ಲ. ವ್ಯಂಜನವನ್ನು ‘ಅ’ಕಾರದೊಂದಿಗೆ ಹೇಳಿಕೊಟ್ಟರೆ ಮಗು ಎಷ್ಟು ಬುದ್ಧಿವಂತೆಯಾದರೂ ಧ್ವನಿಗಳು ಒಂದಕ್ಕೊಂದು ಅಂಟುವುದಿಲ್ಲ. ನಮಗೊಂದು ದೊಡ್ಡ ಅನುಕೂಲವೆಂದರೆ, ತಲೆಕಟ್ಟು ತೆಗೆದು ‘ಪ್’ ಎಂದು ಬರೆದು ತೋರಿಸುವ ಉಪಾಯ ನಮ್ಮ ಲಿಪಿಯಲ್ಲೇ ಇದೆ. ‘ಪ್’ ಮತ್ತು ‘ಇ’ ಸೇರಿದರೆ ‘ಪಿ’ ಎಂಬುದು ಕಾಗುಣಿತ ಕಲಿತ ಮಗುವಿಗೆ ಹೊಸದೂ ಅಲ್ಲ. ಆದ್ದರಿಂದ ಯಾವ ತರಗತಿಗೇ ಆಗಲಿ, ಆ್ಯಪ್‌ಗೇ ಆಗಲಿ ಹಣ ಕಟ್ಟುವ ಮೊದಲು ಒಂದು ಮಾದರಿ ಪಾಠವನ್ನು ಕಣ್ಣು ಮುಚ್ಚಿ ಕೇಳಿ. ಎಮ್ ಅಕ್ಷರಕ್ಕೆ ತುಟಿ ಮುಚ್ಚಿಕೊಂಡೇ ‘ಮ್‌ಮ್‌ಮ್’ ಎನ್ನುತ್ತಾರೋ, ‘ಮ’ ಎನ್ನುತ್ತಾರೋ? ಎಸ್ ಅಕ್ಷರಕ್ಕೆ ‘ಸ್‌ಸ್‌ಸ್’ ಎನ್ನುತ್ತಾರೋ, ‘ಸ’ ಎನ್ನುತ್ತಾರೋ? ‘ಬ್’, ‘ಗ್’ಗಳಂಥ ಧ್ವನಿಗಳನ್ನು ಒಂಟಿಯಾಗಿ ಹೇಳುವಾಗ ಸ್ವಲ್ಪ ‘ಅ’ಕಾರ ಸೇರಿಯೇ ಸೇರುತ್ತದೆ, ಅದನ್ನು ತಪ್ಪೆನ್ನಬೇಕಿಲ್ಲ, ಆದಷ್ಟು ಮೊಟಕಾಗಿದ್ದರೆ ಸಾಕು. ಎಮ್, ಎಸ್, ಎನ್, ಎಫ್‌ಗಳಲ್ಲೂ ‘ಅ’ಕಾರ ಕೇಳಿಸಿದರೆ ಆ ಪಾಠಕ್ರಮವನ್ನು ಬಿಟ್ಟುಬಿಡಿ.

ಎರಡನೆಯದು ಕ್ರಮ. ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಯ ಕನ್ನಡ ಪಾಠ ‘ಅ, ಆ, ಇ, ಈ’ಯಿಂದ ಶುರುವಾಗುವುದಿಲ್ಲ, ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ ಶುರುವಾಗುತ್ತದೆ. ಅಷ್ಟೇ ಅಕ್ಷರಗಳಿಂದ ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಮಗು ಮೊದಲ ವಾರದಲ್ಲೇ ಓದತೊಡಗುತ್ತದೆ. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ, ಕಾಗುಣಿತವೂ ಬೇಕಿಲ್ಲ. ಜಾಲಿ ಫೋನಿಕ್ಸ್‌ನ ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್ ಆಗಿರುವುದಕ್ಕೂ ಇದೇ ಕಾರಣ. ಆ ಆರು ಅಕ್ಷರಗಳಿಂದ ಸಿಟ್, ಪಿನ್, ಟಿನ್, ಟ್ಯಾಪ್, ಆ್ಯಂಟ್ ಮುಂತಾಗಿ ಹತ್ತಾರು ಪದಗಳು ಹುಟ್ಟುತ್ತವೆ. ಜೊತೆಗೆ, ಒಂದನ್ನೊಂದು ಹೋಲುವ ಸಣ್ಣ ಬಿ ಮತ್ತು ಸಣ್ಣ ಡಿ ಒಟ್ಟಿಗೆ ಬರುವುದಿಲ್ಲ. ಡಿ ಎರಡನೆಯ ಗುಂಪಿನಲ್ಲೂ ಬಿ ಮೂರನೆಯ ಗುಂಪಿನಲ್ಲೂ ಬರುತ್ತದೆ. ಎ, ಬಿ, ಸಿ, ಡಿ ಎಂದು ಸಾಲಾಗಿ ಹೋದರೆ ಎರಡನ್ನೂ ಮೊದಲ ವಾರವೇ ಎದುರಿಸಬೇಕಾಗುತ್ತದೆ. ಪಾಠಕ್ರಮದ ಮೊದಲ ಪುಟದಲ್ಲೇ ‘ಎ ಫಾರ್ ಆ್ಯಪಲ್’ನಿಂದ ‘ಝಡ್ ಫಾರ್ ಝೀಬ್ರಾ’ದವರೆಗಿನ ಪಟ್ಟಿ ಇದ್ದರೆ ಅದು ವರ್ಣಮಾಲೆಯ ಪುಸ್ತಕ, ಫೋನಿಕ್ಸ್ ಅಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರಗಳಿದ್ದರೂ ಧ್ವನಿಗಳು ಸುಮಾರು 44 ಇವೆ. ಎರಡೆರಡು ಅಕ್ಷರ ಸೇರಿ ಒಂದು ಧ್ವನಿಯಾಗುವ ಜೋಡಿಗಳನ್ನು, ಅಂದರೆ ‘ಶಿಪ್’ನ ಮೊದಲೆರಡು ಅಕ್ಷರಗಳನ್ನೋ ‘ರೇನ್’ನ ನಡುವಿನ ಎರಡನ್ನೋ ಕಲಿಸದೆ 26ಕ್ಕೇ ಮುಗಿಸುವ ಪಾಠಕ್ರಮ ಅರ್ಧ ದಾರಿಯಲ್ಲಿ ಕೈಬಿಟ್ಟಂತೆ.

ಮೂರನೆಯದೇ ಹೆಚ್ಚಿನವರು ಗಮನಿಸದ ವಿಷಯ. ಆರು ಅಕ್ಷರ ಕಲಿತ ಮಗುವಿನ ಕೈಗೆ ಆರು ಅಕ್ಷರಗಳಷ್ಟರಿಂದಲೇ ಹೆಣೆದ ವಾಕ್ಯ ಬರಬೇಕು. ಇಂಥ ಪುಸ್ತಕಗಳನ್ನು ಡಿಕೋಡಬಲ್ ರೀಡರ್ಸ್ ಎಂದು ಮಾರುತ್ತಾರೆ. ಇವುಗಳಲ್ಲಿ ಕಥೆ ಅಷ್ಟೇನೂ ಸೊಗಸಾಗಿರುವುದಿಲ್ಲ, ‘ಸಿಟ್, ಪ್ಯಾಟ್, ಸಿಟ್’ ಎಂಬಂಥ ಮಾತುಗಳಿರುತ್ತವೆ. ಆದರೂ ಚಿತ್ರ ನೋಡಿ ಊಹಿಸದೆ, ಅಕ್ಷರ ನೋಡಿಯೇ ಒಂದು ಪುಟ ಮುಗಿಸಿದಾಗ ಮಗುವಿನ ಮುಖದಲ್ಲಿ ಕಾಣುವ ಬೆರಗು ಬೇರೆಯೇ. ಪುಸ್ತಕ ಸಿಗದಿದ್ದರೆ ನೀವೇ ಬರೆಯಬಹುದು. ನನ್ನ ಮಗನಿಗಾಗಿ ಹಳೆಯ ನೋಟುಪುಸ್ತಕದ ಹಾಳೆಗಳನ್ನು ಹೊಲಿದು, ಪುಟಕ್ಕೊಂದು ಸಾಲಿನಂತೆ ಬರೆದು, ಓದಿದ ಮೇಲೆ ಚಿತ್ರವನ್ನು ಅವನಿಂದಲೇ ಬರೆಸುತ್ತಿದ್ದೆ.

ಇನ್ನು ನೀವು ಹೆಸರಿಸಿದ ಆಯ್ಕೆಗಳು. ಜಾಲಿ ಫೋನಿಕ್ಸ್‌ನಲ್ಲಿ 42 ಧ್ವನಿಗಳು ಏಳು ಗುಂಪುಗಳಾಗಿವೆ. ಒಂದೊಂದಕ್ಕೂ ಒಂದು ಅಭಿನಯ ಇದೆ. ಎಸ್‌ಗೆ ಹಾವಿನಂತೆ ಕೈ ಹರಿಸುವುದು, ಪಿಗೆ ಮೇಣದಬತ್ತಿ ಊದಿ ಆರಿಸುವುದು ಹೀಗೆ. ಐದು ವರ್ಷದ ಮಗುವಿಗೆ ಇದು ಬಹಳ ಹಿಡಿಸುತ್ತದೆ. ಮನೆಯಲ್ಲಿ ಕಲಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ, ಒಂದು ಷರತ್ತಿನೊಂದಿಗೆ: ಅಭಿನಯ ಧ್ವನಿಯನ್ನು ನೆನಪಿಸುವ ಗೂಟ ಮಾತ್ರ, ಪ್ರತಿದಿನದ ಪಾಠ ಧ್ವನಿಗಳನ್ನು ಕೂಡಿಸಿ ಪದ ಓದುವುದರಲ್ಲಿಯೇ ಮುಗಿಯಬೇಕು. ಹಣ ಖರ್ಚು ಮಾಡುವ ಸ್ಥಿತಿಯಿಲ್ಲದವರು ಇಂಗ್ಲೆಂಡಿನ ಸರ್ಕಾರ 2007ರಲ್ಲಿ ಉಚಿತವಾಗಿ ಹೊರತಂದ ‘ಲೆಟರ್ಸ್ ಅಂಡ್ ಸೌಂಡ್ಸ್’ ಕೈಪಿಡಿಯನ್ನು ಬಳಸಬಹುದು. ಅದರಲ್ಲಿ ಆರು ಹಂತಗಳಿವೆ. ಮೊದಲ ಹಂತದಲ್ಲಿ ಅಕ್ಷರಗಳ ಓದಿಗಿಂತ ಕಿವಿಗೆ ಕೆಲಸ ಹೆಚ್ಚು. ಅದು ಶಿಕ್ಷಕರಿಗಾಗಿ ಬರೆದದ್ದು, ಓದುಪುಸ್ತಕಗಳನ್ನು ನೀವೇ ಹೊಂದಿಸಿಕೊಳ್ಳಬೇಕು. ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಾಲ್ಕು ಚಿತ್ರಗಳಲ್ಲಿ ಒಂದನ್ನು ಒತ್ತುವುದು ಓದಲ್ಲ. ಮಗು ಬಾಯಿ ಬಿಟ್ಟು ಹೇಳಿದ್ದನ್ನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಒಂದು ಜೀವ ಬೇಕು. ಕಲಿತದ್ದನ್ನು ಮೆಲುಕು ಹಾಕಲು ವಾರಕ್ಕೆರಡು ಬಾರಿ ಆ್ಯಪ್ ಇರಲಿ, ಪಾಠ ಅದರ ಪಾಲಾಗದಿರಲಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ತಪ್ಪದೆ ಪ್ರತಿದಿನ. ಮೊದಲ ಎರಡು ವಾರ ಅಕ್ಷರವನ್ನೇ ತೋರಿಸದೆ ಬರೀ ಮಾತಿನ ಆಟ ಆಡಿ. ಅಡುಗೆಮನೆಯಲ್ಲಿ ನಿಂತು ‘ಕ್... ಅ... ಪ್ ತಂದುಕೊಡು’ ಎಂದರೆ ಅವಳು ಕಪ್ ತರುತ್ತಾಳೋ ನೋಡಿ. ಕನ್ನಡದಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಮ್ಮ ಮಕ್ಕಳು ಬಸ್ಸು, ಪೆನ್ನು, ಕಪ್ಪು ಎಂದು ಕೊನೆಗೊಂದು ‘ಉ’ ಸೇರಿಸುತ್ತಾರೆ. ಗದರಿಸಬೇಡಿ, ಕೊನೆಯ ಧ್ವನಿ ಯಾವುದು ಎಂದು ಕೇಳಿದಾಗ ‘ಉ’ ಎಂದರೆ ಮಾತ್ರ, ಪದವನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿ ಕೇಳಿಸಿ. ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿ ‘ವ’ ಒಂದೇ ಇರುವುದರಿಂದ ಆ ಎರಡು ಒಂದೇ ಆಗಿ ಕೇಳಿಸುವುದೂ ಸಹಜ, ಅದರಿಂದ ಓದಿಗೇನೂ ತೊಡಕಿಲ್ಲ. ಇಂಗ್ಲೆಂಡಿನ ಧ್ವನಿಮುದ್ರಣದಲ್ಲಿ ‘ಕಾರ್’ ಪದದ ಕೊನೆಯ ರಕಾರ ಕೇಳಿಸುವುದಿಲ್ಲ, ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಕ್ಷರ ಕಣ್ಣೆದುರಿಗಿರುವುದರಿಂದ ನಮ್ಮ ಉಚ್ಚಾರಣೆಯೇ ಮಗುವಿಗೆ ಸುಲಭ. ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಸ್ಲೇಟಿನಲ್ಲಿ ನಾನು ಮಾಡಿದಂತೆ ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಡಿ. ಕೂಡಿಸುವುದೆಂದರೇನು ಎಂದು ಒಮ್ಮೆ ತಿಳಿಸಲು ಅದು ಸರಿ; ದಿನವೂ ಬರೆದರೆ ಮಗು ಕನ್ನಡವನ್ನೇ ಓದುತ್ತದೆ, ಇಂಗ್ಲಿಷಿನತ್ತ ಕಣ್ಣೆತ್ತುವುದಿಲ್ಲ.

ಪಾಠಕ್ರಮ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ 40 ಪದಗಳನ್ನು ಓದಿಸುತ್ತಾರೆ. ಅವುಗಳಲ್ಲಿ 20 ಪದಗಳು ಅರ್ಥವೇ ಇಲ್ಲದ ಹುಸಿ ಪದಗಳು. ಮಗು ಮೊದಲೇ ಕಂಠಪಾಠ ಮಾಡಿರಲು ಸಾಧ್ಯವಿಲ್ಲದ ಪದವನ್ನು ಓದಿದರೆ ಅದು ಧ್ವನಿ ಕೂಡಿಸಿಯೇ ಓದಿದೆ ಎಂದರ್ಥ. ತಿಂಗಳಿಗೊಮ್ಮೆ ‘ಪಿಬ್’, ‘ಡೆಪ್’, ‘ಮಿಗ್’ ಎಂಬಂಥ ಐದಾರು ಪದಗಳನ್ನು ಕಟ್ಟಿ, ಇದು ಬೇರೆ ಲೋಕದವರ ಹೆಸರು ಎಂದು ಹೇಳಿ ಓದಿಸಿ. ನನ್ನ ಮಗ ತನಗೆ ಬೇಕಾದ ಹೆಸರುಗಳನ್ನು ತಾನೇ ಬರೆದು ನನ್ನಿಂದ ಓದಿಸುವಷ್ಟು ಈ ಆಟ ಅವನಿಗೆ ಹಿಡಿಸಿತ್ತು.

ಆದರೆ ನಿಜವಾದ ಪದಗಳ ವಿಷಯದಲ್ಲಿ ನಮ್ಮಂಥ ಮನೆಗಳಿಗೆ ಒಂದು ಹೆಚ್ಚಿನ ಹೊಣೆಯಿದೆ. ಮನೆಮಾತೇ ಇಂಗ್ಲಿಷ್ ಆಗಿರುವ ಮಗು ಧ್ವನಿ ಕೂಡಿಸಿದ ಕೂಡಲೇ ಅರ್ಥ ತಾನಾಗಿ ಹೊಳೆಯುತ್ತದೆ, ಏಕೆಂದರೆ ಆ ಪದ ಅದರ ಕಿವಿಯಲ್ಲಿ ಮೊದಲೇ ಇದೆ. ನಮ್ಮ ಮಗು ‘ಹೆನ್’ ಎಂದು ಸರಿಯಾಗಿ ಓದಿಯೂ ಸುಮ್ಮನೆ ಕುಳಿತಿರಬಹುದು. ಆಗ ಕೋಳಿ ಎಂದು ಕನ್ನಡದಲ್ಲೇ ಹೇಳಿ, ಅನುಮಾನ ಬೇಡ. ‘ಟಿನ್’ ಎಂದು ಓದಿದಾಗ ಬೇಳೆಯ ಡಬ್ಬಿಯನ್ನು ಬಡಿದು ತೋರಿಸಿ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯೂ ಧ್ವನಿಯ ಅರಿವು, ಫೋನಿಕ್ಸ್, ಸರಾಗತೆ, ಪದಸಂಪತ್ತು, ಅರ್ಥಗ್ರಹಿಕೆ ಎಂಬ ಐದನ್ನೂ ಹೇಳಿತ್ತು; ಫೋನಿಕ್ಸ್ ಐದರಲ್ಲಿ ಒಂದು. ಆದ್ದರಿಂದ ರಾತ್ರಿ ಮಲಗುವಾಗ ನೀವೇ ಕಥೆ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲ ದಿನ ಕನ್ನಡದಲ್ಲಿ, ಮರುದಿನ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದರೆ ಮಗುವಿಗೆ ಅರ್ಥ ಕೈಗೆಟಕುವ ದೂರದಲ್ಲಿರುತ್ತದೆ.

ಶಾಲೆಯವರು ಸೈಟ್ ವರ್ಡ್ಸ್, ಅಂದರೆ ನೋಡಿದ ಕೂಡಲೇ ಗುರುತಿಸಬೇಕಾದ ಪದಗಳು ಎಂದು ಉದ್ದನೆಯ ಪಟ್ಟಿ ಕಳಿಸಿದರೆ ಹೆದರಬೇಡಿ. ಬಹಳ ಶಾಲೆಗಳು ಬಳಸುವ 220 ಪದಗಳ ಡಾಲ್ಚ್ ಪಟ್ಟಿಯಲ್ಲೂ ಇಟ್, ಇನ್, ರೆಡ್, ರನ್, ಟೆನ್, ಸಿಕ್ಸ್ ಮುಂತಾದವು ಧ್ವನಿ ಕೂಡಿಸಿಯೇ ಓದಬಹುದಾದವು. ‘ದ’, ‘ವಾಸ್’, ‘ಸೆಡ್’, ‘ಒನ್’ನಂಥ ಮೊಂಡು ಪದಗಳನ್ನು ವಾರಕ್ಕೆ ಎರಡರಂತೆ, ಯಾವ ಅಕ್ಷರ ಮಾತು ಕೇಳುತ್ತಿಲ್ಲ ಎಂದು ತೋರಿಸಿ ಕಲಿಸಿ.

ಮಗುವಿಗೆ ಪದೇಪದೇ ನೆಗಡಿ, ಕಿವಿನೋವು ಬರುತ್ತಿದ್ದರೆ ಎಲ್ಲಕ್ಕಿಂತ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ‘ಪ್’ ಮತ್ತು ‘ಬ್’ ಬೇರೆಬೇರೆಯಾಗಿ ಕೇಳದ ಕಿವಿಗೆ ಯಾವ ಪಾಠಕ್ರಮವೂ ನಾಟುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಬಿ, ಡಿ ತಿರುವುಮುರುವಾಗುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಎರಡನೇ ತರಗತಿಗೆ ಬಂದ ಮೇಲೂ, ನಿತ್ಯ ಕಲಿಸಿದರೂ ಮೂರು ಧ್ವನಿ ಕೂಡಿಸಲಾಗದಿದ್ದರೆ, ಕನ್ನಡದ ಓದಿನಲ್ಲೂ ಅದೇ ತೊಡಕು ಕಂಡರೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಜ್ಞರಿಗೆ ತೋರಿಸಿ.

ಕೊನೆಯದಾಗಿ ನಿಮ್ಮ ಆತಂಕದ ವಿಷಯ. ಶಾಲೆಯಲ್ಲಿ ಕಲಿಸುವುದು ಅಕ್ಷರದ ಹೆಸರು, ನೀವು ಕಲಿಸುವುದು ಅದರ ಧ್ವನಿ. ನನ್ನ ಮಗನೂ ಒಮ್ಮೆ ಪೆನ್ಸಿಲ್ ಕೆಳಗಿಟ್ಟು, ‘ಮಿಸ್ ಇದನ್ನು ಎಸ್ ಅಂತಾರೆ, ನೀನು ಸ್‌ಸ್ ಅಂತೀಯ, ಯಾವುದು ಸರಿ?’ ಎಂದು ಕೇಳಿದ. ‘ಮನೆಯಲ್ಲಿ ನಿನ್ನನ್ನು ಪುಟ್ಟ ಅಂತೀವಿ, ಹಾಜರಿ ಕೂಗುವಾಗ ಬೇರೆ ಹೆಸರು ಕೂಗ್ತಾರೆ, ಎರಡಕ್ಕೂ ನೀನೇ ತಾನೇ ಓಗೊಡೋದು?’ ಎಂದೆ. ಅವನು ಸ್ವಲ್ಪ ಹೊತ್ತು ಆ ಅಕ್ಷರವನ್ನೇ ನೋಡಿ, ‘ಹಾಗಾದ್ರೆ ಓದುವಾಗ ಇದು ಮನೇಲಿರುತ್ತೆ’ ಎಂದು ಹೇಳಿ ಮುಂದಿನ ಸಾಲಿಗೆ ಬೆರಳಿಟ್ಟ.