ಗೆಳತಿಯರ ಜೊತೆ ವಿದೇಶ ಪ್ರವಾಸ: ದುಡ್ಡಿನ ಮಾತು ಮೊದಲು, ಊರು ಆಮೇಲೆ

ಆರು ಜನ ಗೆಳತಿಯರು ವಿದೇಶಕ್ಕೆ ಹೋಗಬೇಕು, ಗ್ರೂಪ್‌ನಲ್ಲಿ ದಿನಕ್ಕೊಂದು ದೇಶದ ಫೋಟೋ ಬರುತ್ತಿದೆ, ಆದರೆ ಏನೂ ಗಟ್ಟಿಯಾಗುತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ದುಡ್ಡಿನಿಂದ ಶುರು ಮಾಡಿ.

ನಮ್ಮ ಗುಂಪಿನಲ್ಲಿ ಈ ಓಡಾಟವೆಲ್ಲ ಸಾಮಾನ್ಯವಾಗಿ ನನ್ನದೇ. ನಾನು ಮೊದಲು ಒಬ್ಬೊಬ್ಬರಿಗೂ ಬೇರೆಯಾಗಿ ಫೋನ್ ಮಾಡಿ, "ಎಲ್ಲಾ ಸೇರಿ ಎಷ್ಟಾದರೆ ನಿನಗೆ ಭಾರ ಆಗಲ್ಲ?" ಎಂದು ಕೇಳುತ್ತೇನೆ. ಗ್ರೂಪ್‌ನಲ್ಲಿ ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ಒಬ್ಬಳು ದೊಡ್ಡ ಮೊತ್ತ ಹೇಳಿಬಿಟ್ಟರೆ, ಸಾಲ ತೀರಿಸುತ್ತಿರುವ ಇನ್ನೊಬ್ಬಳು ಸುಮ್ನೆ ಹೂಂ ಅಂದು, ಕೊನೆಗೆ ಏನೋ ನೆಪ ಹೇಳಿ ಹಿಂದೆ ಸರಿಯುತ್ತಾಳೆ. ಎಲ್ಲರಿಗಿಂತ ಕಡಿಮೆ ಹೇಳಿದವಳ ಮೊತ್ತಕ್ಕೇ ಪ್ಲಾನ್ ಮಾಡಿ. ಅದು ಯಾರದ್ದು ಎಂದು ಯಾರಿಗೂ ಹೇಳಬೇಡಿ. ಜಾಸ್ತಿ ಇರುವವರು ಅಲ್ಲಿ ಹೋದ ಮೇಲೆ ತಮ್ಮ ಪಾಡಿಗೆ ಖರ್ಚು ಮಾಡಿಕೊಳ್ಳಲಿ, ಅದರಲ್ಲಿ ತಪ್ಪೇನಿದೆ?

ಆಮೇಲೆ ಮುಂಗಡಕ್ಕೆ ಒಂದು ತಾರೀಖು ಹಾಕಿ. ಆ ದಿನದೊಳಗೆ ಕೊಟ್ಟವರು ಹೊರಡುತ್ತಾರೆ, ಅಷ್ಟೇ. ಆರು ಜನ ನಾಲ್ಕಾದರೂ ಬೇಜಾರಾಗಬೇಡಿ.

ದೇಶ ಆರಿಸುವ ಮೊದಲು ಎಲ್ಲರ ಪಾಸ್‌ಪೋರ್ಟ್ ನೋಡಿ. ಎಷ್ಟೋ ದೇಶಗಳು ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ, ಟಿಕೆಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಬೇಕು, ಕರೆಯುವ ಹೆಸರಲ್ಲ. ಯುರೋಪ್ ಅಂದುಕೊಂಡಿದ್ದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕಾದವರು ಪ್ರವಾಸಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಪ್ರವಾಸಕ್ಕೆ ಕನಿಷ್ಠ 15 ದಿನ ಇರುವಾಗಲೇ ಹಾಕಿರಬೇಕು. ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಬೇಕು. ಒಟ್ಟಿಗೆ ಹಾಕಿದರೂ ಒಬ್ಬೊಬ್ಬರ ಅರ್ಜಿಯನ್ನೂ ಬೇರೆಯಾಗಿಯೇ ನೋಡುತ್ತಾರೆ, ಒಬ್ಬಳಿಗೆ ಮಾತ್ರ ಇಲ್ಲ ಅನ್ನಬಹುದು. ಹಾಗಾಗಿ ವೀಸಾ ಕೈಗೆ ಬರುವ ತನಕ ರದ್ದು ಮಾಡಿದರೆ ಹಣ ವಾಪಸ್ ಬರುವಂಥ ಹೋಟೆಲ್ ಮಾತ್ರ ಬುಕ್ ಮಾಡಿ. ಅವಳಿಗೆ ಸಿಗದಿದ್ದರೆ ಉಳಿದವರು ಹೋಗುವುದೋ ಬೇಡವೋ ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ, ಆಗ ಮಾತಾಡಲು ಹೋದರೆ ಸ್ನೇಹಕ್ಕೇ ಪೆಟ್ಟು.

ಟಿಕೆಟ್ ಹುಡುಕುವಾಗ ಒಬ್ಬರಿಗೆ ಎಷ್ಟು, ಆರು ಜನಕ್ಕೆ ಎಷ್ಟು ಎಂದು ಎರಡೂ ನೋಡಿ. ಅಗ್ಗದ ದರದಲ್ಲಿ ಮೂರೇ ಸೀಟು ಉಳಿದಿದ್ದರೆ, ಆರು ಸೀಟು ಒಟ್ಟಿಗೆ ಕೇಳಿದಾಗ ಎಷ್ಟೋ ಸಲ ಆರಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಆಗ ಮೂರು ಮೂರಾಗಿ ತೆಗೆದುಕೊಳ್ಳಿ. ವಿಮಾನ ಹಗಲು ಹೊತ್ತು ಇಳಿಯುವಂತಿರಲಿ, ಇದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಗೊತ್ತಿಲ್ಲದ ಊರಲ್ಲಿ ಮಧ್ಯರಾತ್ರಿ ಲಗೇಜು ಎಳೆದುಕೊಂಡು ವಿಳಾಸ ಹುಡುಕುವುದು ಯಾರಿಗೂ ಬೇಡ.

ಮಾತ್ರೆಗಳನ್ನು ಅವು ಬಂದ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಹೋಗುವ ದೇಶದ ನಿಯಮವನ್ನೂ ನೋಡಿ, ಜಪಾನ್‌ನಲ್ಲಿ ಕೆಲವು ನೆಗಡಿ ಔಷಧಿಗಳಿಗೂ ನಿರ್ಬಂಧ ಇದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಕಾರ್ಡ್ ಮೆಷಿನ್ ಯಾವ ಕರೆನ್ಸಿ ಎಂದು ಕೇಳಿದರೆ ಆ ದೇಶದ್ದನ್ನೇ ಒತ್ತಿ, ಇಲ್ಲದಿದ್ದರೆ ರೂಪಾಯಿಗೆ ಬದಲಿಸಲು ಮೆಷಿನ್‌ನವರು ಹಾಕಿದ ದರಕ್ಕೆ ಕಟ್ಟಬೇಕಾಗುತ್ತದೆ. ಖರ್ಚನ್ನು ಆಯಾ ದಿನವೇ ಬರೆದಿಡಿ.

ಇನ್ನು ಆರೂ ಜನ ಇಡೀ ದಿನ ಒಟ್ಟಿಗೇ ಇರಬೇಕು ಎಂಬ ಹಟ ಬೇಡ. ಒಬ್ಬಳಿಗೆ ಮ್ಯೂಸಿಯಂ, ಇನ್ನೊಬ್ಬಳಿಗೆ ನಿದ್ದೆ ಬೇಕು, ಅಲ್ವಾ? ಲೊಕೇಶನ್ ಹಂಚಿಕೊಂಡು, ಎಷ್ಟು ಹೊತ್ತಿಗೆ ಎಲ್ಲಿ ಸೇರುವುದು ಎಂದು ಹೇಳಿಕೊಂಡು, ಮಧ್ಯಾಹ್ನ ಅವರವರ ದಾರಿಗೆ ಬಿಡಿ. ಸಂಜೆ ಊಟಕ್ಕೆ ಕೂತಾಗ ಹೇಳಿಕೊಳ್ಳಲು ಮಾತು ಬೇಕಾದಷ್ಟಿರುತ್ತದೆ.