ಕೊಡಗಿನ ಕಲ್ಗೋರಿ (ಪ್ರಾಚೀನ ಕಲ್ಲಿನ ಸಮಾಧಿ) ಅಗೆಯುವಾಗ ಮಾಮೂಲಿ ಫೋಟೋ ಸಾಲದೇ, ತ್ರೀಡಿ ಮಾದರಿ ಯಾಕೆ ಬೇಕು?

ಸಾಲದು. ಅಗೆತ ಅಂದರೆ ಒಂದೊಂದೇ ಪದರ ತೆಗೆದು ಹಾಕುವುದು. ತೆಗೆದ ಮಣ್ಣನ್ನು ಮತ್ತೆ ಹಾಗೇ ಕೂರಿಸೋಕೆ ಆಗಲ್ಲ ಅಲ್ವಾ? ಆ ಪದರದ ಅಳತೆ ಉಳಿಯುವುದು ದಾಖಲೆಯಲ್ಲಿ ಮಾತ್ರ.

ಇಲ್ಲಿ ಫೋಟೋಗ್ರಾಮೆಟ್ರಿ, ಅಂದರೆ ಹಲವು ಫೋಟೋಗಳಿಂದ ತ್ರೀಡಿ ಮಾದರಿ ಕಟ್ಟುವ ವಿಧಾನ, ನೆರವಾಗುತ್ತದೆ. ನಮ್ಮ ಕಡೆ ಪಾಂಡವರ ಹೆಸರಲ್ಲಿ ಕರೆಯುವ ಕಲ್ಗೋರಿಯನ್ನೇ ನೋಡಿ: ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಕೆಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಸುತ್ತಲೂ ಬೇರೆ ಬೇರೆ ಎತ್ತರದಿಂದ ಫೋಟೋ ತೆಗೆಯುತ್ತಾರೆ. ಒಂದು ಫೋಟೋದ 60ರಿಂದ 80% ಭಾಗ ಮುಂದಿನದರಲ್ಲೂ ಇರಬೇಕು. ಕಲ್ಲಿನ ಒಂದೇ ಪಾಚಿ ಕಲೆಯನ್ನು ಹಲವು ಫೋಟೋಗಳಲ್ಲಿ ಗುರುತಿಸಿ, ತಂತ್ರಾಂಶ ಅದರ ಜಾಗ ಲೆಕ್ಕ ಹಾಕುತ್ತದೆ. ಇಂಥ ಲಕ್ಷಾಂತರ ಬಿಂದುಗಳು ಸೇರಿ ಮಾದರಿ ಆಗುತ್ತದೆ. ಪ್ರತಿ ಪದರಕ್ಕೂ ಹೀಗೇ ಮಾಡಬೇಕು.

ಅಳತೆಪಟ್ಟಿ, ಗುರುತುಬಿಂದು (ಜಾಗ ಅಳೆದು ಇಟ್ಟ ಗುರುತು) ಇಡದಿದ್ದರೆ ಮಾದರಿ ಚೆಂದ ಕಾಣುತ್ತದೆ, ಆದರೆ ಅಳೆಯೋಕೆ ಬರಲ್ಲ. ಇದನ್ನು ಯಾವತ್ತೂ ಬಿಡಬೇಡಿ.

ಕೊಡಗಿನ ಮೋಡ ಕವಿದ ಬೆಳಕು ಇದಕ್ಕೆ ವರ. ಗಾಢ ನೆರಳು ಬೀಳಲ್ಲ. ಆದರೆ ಒದ್ದೆ ಕಲ್ಲಿನ ಹೊಳಪು, ಗಾಳಿಗೆ ಅಲುಗುವ ಜರಿಗಿಡ ತಂತ್ರಾಂಶವನ್ನು ದಾರಿ ತಪ್ಪಿಸುತ್ತವೆ. ಕಾಫಿ ತೋಟದ ಮರಗಳ ಕೆಳಗೆ ಡ್ರೋನ್‌ನಿಂದ ಜಾಸ್ತಿ ಉಪಯೋಗವಿಲ್ಲ, ಕೈ ಕ್ಯಾಮೆರಾನೇ ವಾಸಿ.

ಮಾದರಿ ಇದ್ದರೂ ಕೈಯಲ್ಲಿ ಬರೆಯುವ ನಕ್ಷೆ, ಟಿಪ್ಪಣಿ ಬೇಕೇ ಬೇಕು. ಮಣ್ಣು ಬೆರಳಿಗೆ ಜಿಗುಟೋ ಮರಳೋ ಅನ್ನುವುದು ಮಾದರಿಯಲ್ಲಿ ಇರುವುದಿಲ್ಲ.